ಓಕ್ ಕಾಯಿ ಮುಗಿದ ಮೇಲೆ ವುಡ್ ಪಿಜನ್ ಎಲ್ಲಿಗೆ ಹೋಗುತ್ತೆ: ನನ್ನ ಅನುಭವ

ಚಳಿಗಾಲ ಹತ್ರ ಬರ್ತಿದ್ದ ಹಾಗೆ ವುಡ್ ಪಿಜನ್ ಅನ್ನೋ ಇಂಗ್ಲೆಂಡಿನ ದೊಡ್ಡ ಪಾರಿವಾಳ ಏನು ತಿನ್ನುತ್ತೆ ಅಂತ ಯಾರಾದ್ರೂ ಕೇಳಿದ್ರೆ ನಾನು ತಿರುಗಿ ಕೇಳೋದು ಒಂದೇ, ನಿಮ್ಮ ಕಡೆ ಓಕ್ ಮರದಲ್ಲಿ ಈ ವರ್ಷ ಕಾಯಿ ಹೇಗಿದೆ? ಅದು ಗೊತ್ತಾದ್ರೆ ಮಿಕ್ಕಿದ್ದರಲ್ಲಿ ಅರ್ಧ ಅಲ್ಲೇ ಗೊತ್ತಾಗುತ್ತೆ, ಈ ಹಕ್ಕಿ ಕಾಡಲ್ಲಿ ಎಷ್ಟು ದಿನ ಇರುತ್ತೆ, ಹೊಲಕ್ಕೆ ಯಾವಾಗ ಇಳಿಯುತ್ತೆ, ನನ್ನ ಕೋಸಿನ ಮಡಿಗೆ ಯಾವಾಗ ಬಾಯಿ ಹಾಕುತ್ತೆ, ಎಲ್ಲಾನೂ.

ನಾನಿರೋದು ಕೇಂಬ್ರಿಡ್ಜ್ ದಕ್ಷಿಣಕ್ಕೆ, ಗಾಗ್ ಮೆಗಾಗ್ ಅಂತ ಕರೆಯೋ ಸುಣ್ಣಕಲ್ಲಿನ ಸಣ್ಣ ಗುಡ್ಡಗಳ ಹತ್ರ. ಗುಡ್ಡ ಅಂತ ಇಲ್ಲಿನವರು ಹೇಳ್ತಾರೆ, ಮಲೆನಾಡು ಕಂಡವರಿಗೆ ಅದು ದಿಣ್ಣೆ ಅಷ್ಟೇ. ಒಂದು ಅಲಾಟ್‌ಮೆಂಟ್ ಇದೆ, ಅಂದ್ರೆ ತರಕಾರಿ ಬೆಳೆಯೋಕೆ ಬಾಡಿಗೆಗೆ ಸಿಗೋ ಸಣ್ಣ ತುಂಡು ಜಾಗ, ಅದರಲ್ಲಿ ನವಿಲುಕೋಸು, ಕೇಲ್ ಅನ್ನೋ ಕೋಸಿನ ಜಾತಿಯ ಸೊಪ್ಪು, ಸಾಸಿವೆ ಸೊಪ್ಪು ಹಾಕ್ತೀನಿ. ಅಕ್ಕಪಕ್ಕದ ಪ್ಲಾಟಿನ ಹಿರಿಯರು ಪಾರಿವಾಳದ ಬಗ್ಗೆ ಒಬ್ಬೊಬ್ರು ಒಂದೊಂದು ಹೇಳೋರು, ಒಬ್ರು ಫ್ರಾಸ್ಟ್ (ನೆಲದ ಮೇಲೆ ಹೆಪ್ಪುಗಟ್ಟೋ ಇಬ್ಬನಿ) ಬಿದ್ದ ಮೇಲೆ ಬರುತ್ತೆ ಅಂತ, ಇನ್ನೊಬ್ರು ಅಕ್ಟೋಬರಲ್ಲೇ ಬರುತ್ತೆ ಅಂತ, ಮತ್ತೊಬ್ರು ಕ್ರಿಸ್‌ಮಸ್ ಕಳೆಯೋ ತನಕ ತಲೆ ಕೆಡಿಸ್ಕೋಬೇಡ ಅಂತ. ಮೂರೂ ಜನ ದಶಕಗಟ್ಟಲೆ ತರಕಾರಿ ಬೆಳೆದೋರು, ಯಾರನ್ನೂ ತಳ್ಳಿಹಾಕೋ ಹಾಗಿಲ್ಲ. ಹಾಗಾಗಿ ಆಗಸ್ಟಿಂದ ಜನವರಿ ತನಕ ಇವು ಏನು ತಿಂತವೆ ಅಂತ ನಾನೇ ನೋಡಿ ಬರೆದಿಡೋಕೆ ಶುರು ಮಾಡ್ದೆ, ಈಗ ಅದು ಚಟ ಆಗೋಗಿದೆ.

ಹಕ್ಕಿ ಯಾವುದು ಅಂತ ಒಂದ್ಸಲ ಹೇಳ್ಬಿಡ್ತೀನಿ. ನಮ್ಮ ರೈಲ್ವೆ ಸ್ಟೇಷನ್ನು, ದೇವಸ್ಥಾನದ ಗೋಪುರದಲ್ಲಿ ಇರೋ ಪಾರಿವಾಳ ಅಲ್ಲ ಇದು. ಅದಕ್ಕಿಂತ ದೊಡ್ಡದು, ಅರ್ಧ ಕೇಜಿ ಆಸುಪಾಸು ತೂಕ, ಎದೆ ನಸುಗುಲಾಬಿ ಬಣ್ಣ, ಕತ್ತಿನ ಎರಡೂ ಕಡೆ ಬಿಳಿ ಪಟ್ಟೆ, ಹಾರುವಾಗ ರೆಕ್ಕೆ ಮೇಲೆ ಅಡ್ಡಕ್ಕೆ ಬಿಳಿ ಗೆರೆ ಎದ್ದು ಕಾಣುತ್ತೆ. ಆ ವರ್ಷ ಹುಟ್ಟಿದ ಮರಿಗಳಿಗೆ ಕತ್ತಿನ ಬಿಳಿ ಇನ್ನೂ ಬಂದಿರಲ್ಲ. ಕೂಳೆ ಹೊಲದಲ್ಲಿ ಇದರ ಜೊತೆ ಸ್ಟಾಕ್ ಡವ್ ಅಂತ ಚಿಕ್ಕದೊಂದು ಬರುತ್ತೆ, ಅದಕ್ಕೆ ಎಲ್ಲೂ ಬಿಳಿ ಇಲ್ಲ, ಲೆಕ್ಕ ಹಾಕುವಾಗ ಎರಡನ್ನೂ ಸೇರಿಸಬಾರದು. ಬ್ರಿಟನ್‌ನಲ್ಲಿ ವುಡ್ ಪಿಜನ್ ಸುಮಾರು 50 ಲಕ್ಷ ಜೋಡಿ ಗೂಡು ಕಟ್ತವೆ ಅಂತ ಅಂದಾಜು, ಅಂದ್ರೆ ಅಪರೂಪದ ಹಕ್ಕಿ ಖಂಡಿತ ಅಲ್ಲ, ಬಹುಶಃ ಅದಕ್ಕೇ ಯಾರೂ ಇದನ್ನ ಕಣ್ಣಿಟ್ಟು ನೋಡಲ್ಲ. ಪಶ್ಚಿಮ ಘಟ್ಟದಲ್ಲಿ ಇದರ ನೆಂಟ ನೀಲಗಿರಿ ಕಾಡುಪಾರಿವಾಳ ಇದೆ, ಅದು ಶೋಲಾ ಕಾಡಿನ ಹಣ್ಣು ನಂಬ್ಕೊಂಡು ಬದುಕೋದು, ಕಾಡು ಹೋದ್ರೆ ಅದೂ ಹೋಗುತ್ತೆ. ಈ ಇಂಗ್ಲೆಂಡಿನದು ಕಾಡು, ಹೊಲ, ಹಿತ್ತಲು ಎಲ್ಲಾದ್ರಲ್ಲೂ ಪಾಲು ಕೇಳೋ ಪೈಕಿ.

ಈಗ ನೋಡೋದು ಹೇಗೆ ಅನ್ನೋದು. ಬೈನಾಕ್ಯುಲರ್ ಹಿಡ್ಕೊಂಡು ಹೊಲದ ಅಂಚಲ್ಲಿ ನಿಂತ್ರೆ ಹಕ್ಕಿ ಕುಕ್ಕೋದು ಕಾಣುತ್ತೆ, ಏನನ್ನ ಕುಕ್ತು ಅಂತ ಕಾಣಲ್ಲ. ಅದಕ್ಕೆ ನಾನು ಮೂರು ಕಡೆಯಿಂದ ನೋಡ್ತೀನಿ. ಮೊದಲನೆಯದು ಹಿಕ್ಕೆ. ಇವು ರಾತ್ರಿ ಐವಿ ಬಳ್ಳಿ ಹಬ್ಬಿದ ಮರದಲ್ಲೋ ಪೈನ್ ಸಾಲಲ್ಲೋ ಗುಂಪಾಗಿ ಕೂರ್ತವೆ, ಬೆಳಗ್ಗೆ ಆ ಮರದ ಬುಡಕ್ಕೆ ಹೋದ್ರೆ ಹಿಂದಿನ ದಿನದ ಊಟದ ಪಟ್ಟಿ ನೆಲದ ಮೇಲೇ ಇರುತ್ತೆ. ಕಾಳು ತಿಂದಿದ್ರೆ ಗಟ್ಟಿಯಾಗಿ ಕಂದು ಬಿಳಿ, ಸೊಪ್ಪು ತಿಂದಿದ್ರೆ ಕಡು ಹಸಿರು ನಾರು, ಹಣ್ಣಾದ್ರೆ ನೇರಳೆ ಬಣ್ಣ. ಸೆಪ್ಟೆಂಬರಲ್ಲಿ ಎಲ್ಡರ್ ಹಣ್ಣಿನ ಕಾಲದಲ್ಲಿ ನಮ್ಮ ಬೀದಿಯ ಬಿಳಿ ಕಾರುಗಳ ಗತಿ ನೋಡ್ಬೇಕು, ನಮ್ಮೂರಲ್ಲಿ ನೇರಳೆ ಮರದ ಕೆಳಗೆ ನಿಲ್ಸಿದ ಗಾಡಿ ತರ ಆಗಿರುತ್ತೆ.

ಎರಡನೆಯದು ಸಂಜೆ ಹೊತ್ತು ರಾತ್ರಿ ಕೂರೋ ಮರಕ್ಕೆ ವಾಪಸ್ ಬರೋ ದಾರಿ. ಕತ್ತಲಾಗೋಕೆ ಒಂದು ಗಂಟೆ ಮುಂಚೆ ಯಾವ ದಿಕ್ಕಿಂದ ಬರ್ತವೆ ನೋಡಿಟ್ಕೊಂಡು, ಮರುದಿನ ಆ ದಿಕ್ಕಿನ ಹೊಲಗಳಲ್ಲಿ ಏನಿದೆ ಅಂತ ನಡ್ಕೊಂಡು ಹೋಗಿ ನೋಡೋದು. ಮರದ ತುದೀಲಿ ಕೂತಾಗ ಗಂಟಲ ಕೆಳಗಿನ ಚೀಲ ತುಂಬಿದೆಯಾ ಅಂತ ಬರಿಗಣ್ಣಿಗೇ ಗೊತ್ತಾಗುತ್ತೆ, ಎದೆ ಮೇಲೆ ಗಂಟು ಕಟ್ಟಿದ ಹಾಗೆ ಉಬ್ಬಿರುತ್ತೆ. ಆ ಚೀಲದಲ್ಲಿ ತುಂಬ್ಕೊಂಡು ಬಂದಿದ್ದನ್ನ ರಾತ್ರಿಯೆಲ್ಲಾ ನಿಧಾನಕ್ಕೆ ಕೆಳಗಿನ ಅರೆಯೋ ಹೊಟ್ಟೆಗೆ ಬಿಡ್ತಾ ಅರಗಿಸ್ಕೊಳ್ತವೆ, ಡಿಸೆಂಬರಿನ ಹದಿನಾರು ಗಂಟೆ ಕತ್ತಲು ಅದರ ಮೇಲೇ ಕಳೀಬೇಕು.

ಮೂರನೆಯದು ಎಲ್ಲರಿಗೂ ಇಷ್ಟ ಆಗಲ್ಲ. ಪಕ್ಕದ ಹೊಲದ ರೈತ ಬೆಳೆಗೆ ಹಾನಿ ಜಾಸ್ತಿ ಆದಾಗ ಇವನ್ನ ಹೊಡೀತಾನೆ, ಇಂಗ್ಲೆಂಡಲ್ಲಿ ಅದಕ್ಕೆ ಜಿಎಲ್42 ಅಂತ ಸರ್ಕಾರದ ಸಾಮಾನ್ಯ ಅನುಮತಿ (ಜನರಲ್ ಲೈಸೆನ್ಸ್) ಇದೆ, ಷರತ್ತುಗಳಿವೆ, ಸುಮ್ಮನೆ ಗುಂಡು ಹಾರಿಸೋ ಹಾಗಿಲ್ಲ. ಹೊಡೆದಿದ್ದನ್ನ ಮಾಂಸಕ್ಕೆ ಕ್ಲೀನ್ ಮಾಡುವಾಗ ಗಂಟಲ ಚೀಲ ಮಾತ್ರ ನನಗೆ ಇಟ್ಟಿರು ಅಂತ ಕೇಳ್ಕೊಂಡೆ. ಹುಟ್ಟಿದಾಗಿಂದ ಸಸ್ಯಾಹಾರಿ ನಾನು, ಗ್ಲೌಸ್ ಹಾಕ್ಕೊಂಡು ಪೇಪರ್ ಮೇಲೆ ಅದನ್ನ ಬಿಡಿಸ್ತಾ ಕೂತಿದ್ದು ನೋಡಿ ಮನೆಯವಳು ಗ್ಯಾರೇಜಿಂದ ಒಳಗೆ ತರಬೇಡಿ ಅಂತ ಒಂದೇ ಮಾತಲ್ಲಿ ಹೇಳಿದ್ಲು. ಆದ್ರೆ ನಿಜ ಹೇಳ್ಬೇಕಂದ್ರೆ ಇಷ್ಟು ಖಚಿತವಾದ ಸಾಕ್ಷಿ ಬೇರೆ ಇಲ್ಲ, ಕಾಳು ಕಾಳಾಗೇ, ಎಲೆ ಎಲೆಯಾಗೇ ಇರುತ್ತೆ, ಅರಗೋದು ಶುರುವಾಗೋದೇ ಅಲ್ಲಿಂದ ಮುಂದೆ. ಒಂದು ಎಚ್ಚರಿಕೆ, ದಾರೀಲಿ ಸತ್ತು ಬಿದ್ದ ಹಕ್ಕೀನ ಎತ್ಕೊಂಡು ಬಂದು ಇದನ್ನ ಮಾಡೋಕೆ ಹೋಗ್ಬೇಡಿ, ಹಕ್ಕಿಜ್ವರ ಇರೋ ಕಾಲ ಇದು.

ಆಗಸ್ಟ್, ಸೆಪ್ಟೆಂಬರ್ ಬಗ್ಗೆ ಹೆಚ್ಚೇನು ಹೇಳೋದಿಲ್ಲ, ಅದು ಹಬ್ಬದೂಟದ ಕಾಲ. ಗೋಧಿ, ಬಾರ್ಲಿ ಕೊಯ್ಲಾಗಿ ಕೂಳೆ ನಿಂತಿರುತ್ತೆ, ಕಂಬೈನ್ ಹಾರ್ವೆಸ್ಟರ್ ಉದುರಿಸಿದ ಕಾಳು ನೆಲದ ತುಂಬ. ಫೀಲ್ಡ್ ಬೀನ್ಸ್ ಅಂತ ದನದ ಮೇವಿಗೆ ಬೆಳೆಯೋ ಕಾಳು ಕೊಯ್ದ ಹೊಲ ಸಿಕ್ಕಿದ್ರಂತೂ ಗೋಧಿ ಹೊಲ ಬಿಟ್ಟು ಅಲ್ಲಿಗೇ ಹೋಗ್ತವೆ. ಈ ಹಕ್ಕಿ ಮರಿ ಮಾಡೋ ಭರಾಟೆನೂ ಜುಲೈಯಿಂದ ಸೆಪ್ಟೆಂಬರ್ ಮಧ್ಯೆ, ಬೇರೆ ಹಕ್ಕಿಗಳೆಲ್ಲಾ ವಸಂತದಲ್ಲಿ ಮುಗಿಸಿರ್ತವೆ, ಇದು ಕಾಳು ಮಾಗೋ ತನಕ ಕಾಯುತ್ತೆ. ಹಾಗಾಗಿ ಅಕ್ಟೋಬರಲ್ಲೂ ಬೇಲಿಯ ಹಾಥಾರ್ನ್ ಗಿಡದಲ್ಲಿ ಕಡ್ಡಿ ಗೂಡು, ಅದರಲ್ಲಿ ದಪ್ಪ ಮರಿ ಕೂತಿರೋದು ನೋಡಿದ್ದೀನಿ.

ಒಂದು ವಿಷಯ ಮಾತ್ರ ಗಮನಿಸಿ. ಇವು ಕೋಳಿ ತರ ಕಾಲಲ್ಲಿ ನೆಲ ಕೆರೆಯಲ್ಲ, ಕೊಕ್ಕಲ್ಲಿ ಎಲೆ, ಹುಲ್ಲು ಆಚೀಚೆ ಎಸೀತವೆ ಅಷ್ಟೇ. ಹಾಗಾಗಿ ರೈತ ಕೂಳೆ ಉತ್ತ ದಿನವೇ ಆ ಹೊಲ ಇವುಗಳ ಪಾಲಿಗೆ ಖಾಲಿ. ಹಿಂದೆ ಕೂಳೆ ಚಳಿಗಾಲದ ಒಳಗಿನ ತನಕ ಹಾಗೇ ಬಿದ್ದಿರ್ತಿತ್ತು, ವಸಂತದಲ್ಲಿ ಬಿತ್ತೋರು. ಈಗ ಹೆಚ್ಚಿನವರು ಚಳಿಗಾಲದ ಗೋಧಿ ಅಂತ ಸೆಪ್ಟೆಂಬರ್, ಅಕ್ಟೋಬರಲ್ಲೇ ಬಿತ್ತುತ್ತಾರೆ. ಬಿತ್ತಿದ ಹೊಲದಲ್ಲೂ ಪಾರಿವಾಳ ಕೂತಿರುತ್ತೆ, ಆದ್ರೆ ಅದಕ್ಕೆ ಸಿಗೋದು ಬಿತ್ತೋ ಯಂತ್ರ (ಡ್ರಿಲ್) ತಿರುಗೋ ಮೂಲೆಗಳಲ್ಲಿ ಮೇಲೆ ಚೆಲ್ಲಿದ ಬೀಜ ಮಾತ್ರ, ಮಣ್ಣೊಳಗೆ ಹೋಗಿದ್ದಲ್ಲ.

ಇಲ್ಲಿಂದ ಓಕ್ ಕಥೆ ಶುರು. ಸೆಪ್ಟೆಂಬರ್ ಕೊನೆಗೆ ಕಾಯಿ ಇನ್ನೂ ಹಸಿರಿರುವಾಗಲೇ ಇವು ಮರ ಹತ್ತುತ್ತವೆ. ಅಷ್ಟು ದಪ್ಪದ ಹಕ್ಕಿ ತೆಳ್ಳಗಿನ ಕೊಂಬೆ ತುದೀಲಿ ಬ್ಯಾಲೆನ್ಸ್ ಮಾಡ್ತಾ, ರೆಕ್ಕೆ ಬಡೀತಾ, ಒಮ್ಮೊಮ್ಮೆ ತಲೆಕೆಳಗಾಗಿ ಜೋತು ಕಾಯಿ ಕಿತ್ಕೊಳೋದು ನೋಡೋಕೆ ಒಳ್ಳೆ ಮಜಾ. ಅಕ್ಟೋಬರಲ್ಲಿ ಕಾಯಿ ಉದುರಿದ ಮೇಲೆ ಕೆಲಸ ಸುಲಭ, ಬುಡದಲ್ಲಿ ಓಡಾಡ್ಕೊಂಡು ಆರಿಸ್ತವೆ. ಸಿಪ್ಪೆ ಬಿಡಿಸೋದು, ಒಡೆಯೋದು ಏನೂ ಇಲ್ಲ, ಎರಡು ಮೂರು ಸೆಂಟಿಮೀಟರ್ ಉದ್ದದ ಕಾಯೀನ ಇಡಿಯಾಗಿ ನುಂಗೋದು. ಅರೆಯೋ ಹೊಟ್ಟೇಲಿ ಸಣ್ಣ ಕಲ್ಲುಗಳಿರ್ತವೆ, ಅವು ಪುಡಿ ಮಾಡ್ತವೆ. ಬೆಳಗ್ಗೆ ರಸ್ತೆ ಅಂಚಲ್ಲಿ ಪಾರಿವಾಳ ಕೂತು ಏನೋ ಹೆಕ್ತಿರುತ್ತಲ್ಲ, ಅಲ್ಲಿ ತಿನ್ನೋಕೇನಿದೆ ಅಂತ ಬಹಳ ಜನ ಕೇಳ್ತಾರೆ, ಅದು ಆರಿಸೋದು ಈ ಹರಳುಗಳನ್ನ.

ರೈತ ಕೊಟ್ಟ ಚೀಲಗಳಲ್ಲಿ ಅಕ್ಟೋಬರಿನದು ಬಿಡಿಸಿದ್ರೆ ಹೊಳೆಯೋ ಕಂದು ಓಕ್ ಕಾಯಿ ಒತ್ತೊತ್ತಾಗಿ, ಜೊತೆಗೆ ನಾಲ್ಕು ಗೋಧಿ ಕಾಳು ಮಾತ್ರ. ಗೋಧಿ ಹೊಲದ ಮೇಲೆ ಹೊಡೆದ ಹಕ್ಕಿ ಅದು! ಹೊಲದಲ್ಲಿ ಕೂತಿತ್ತು ಅಂದ ಮಾತ್ರಕ್ಕೆ ಹೊಲದಿಂದ ಹೊಟ್ಟೆ ತುಂಬಿಸ್ಕೊಂಡಿದೆ ಅಂತಲ್ಲ ಅನ್ನೋದು ನನಗೆ ಮನದಟ್ಟಾಗಿದ್ದು ಆಗ, ರೈತನೂ ಇಣುಕಿ ನೋಡಿ ತಲೆ ಕೆರ್ಕೊಂಡ.

ಓಕ್ ಎಲ್ಲಾ ವರ್ಷ ಒಂದೇ ಸಮ ಕಾಯಿ ಬಿಡಲ್ಲ, ಬೀಚ್ ಮರ ಇನ್ನೂ ಮೋಸ. ಮಾವಿನ ಇಳುವರಿ ನೋಡಿ ಬೆಳೆದ ನಮಗೆ ಇದು ಹೊಸದೇನಲ್ಲ. ಕೆಲವು ವರ್ಷ ಇಡೀ ಪ್ರಾಂತ್ಯದ ಮರಗಳೆಲ್ಲಾ ಮಾತಾಡ್ಕೊಂಡ ಹಾಗೆ ಒಟ್ಟಿಗೆ ಸುರೀತವೆ, ಇಲ್ಲಿ ಅದಕ್ಕೆ ಮಾಸ್ಟ್ ಇಯರ್ ಅಂತಾರೆ, 2020ರ ಶರತ್ಕಾಲ ಅಂಥದ್ದು, ಫುಟ್‌ಪಾತ್ ಮೇಲೆ ಓಕ್ ಕಾಯಿ ತುಳಿದು ಜಾರೋ ಅಷ್ಟು ಬಿದ್ದಿತ್ತು. ವಾಂಡಲ್‌ಬರಿ ಅಂತ ಗುಡ್ಡದ ಮೇಲೆ ಹಳೇ ಕೋಟೆಯ ವೃತ್ತಾಕಾರದ ಕಂದಕ ಇದೆ, ಸುತ್ತ ದೊಡ್ಡ ಬೀಚ್ ಮರಗಳು. ಬೀಚ್ ಕಾಯಿ ಸಣ್ಣ, ಮೂರು ಮೂಲೆ, ಎಣ್ಣೆ ಅಂಶ ಜಾಸ್ತಿ. ಅದು ಚೆನ್ನಾಗಿ ಬಿದ್ದ ವರ್ಷ ವುಡ್ ಪಿಜನ್ ಗುಂಪು ಆ ಎಲೆರಾಶಿ ಮೇಲೆ ಸಾಲಾಗಿ ಎಲೆ ಎಗರಿಸ್ತಾ ಮುಂದಕ್ಕೆ ಹೋಗ್ತಿರುತ್ತೆ, ಹಿಂದಿನ ಸಾಲಿನವು ಹಾರಿ ಮುಂದಕ್ಕೆ ಬಂದು ಕೂರ್ತವೆ, ಮಧ್ಯೆ ಸ್ಕ್ಯಾಂಡಿನೇವಿಯಾದಿಂದ ಬಂದ ಬ್ರಾಂಬ್ಲಿಂಗ್ ಅನ್ನೋ ಸಣ್ಣ ಹಕ್ಕಿಗಳೂ ಇರ್ತವೆ. ಜೇ ಹಕ್ಕಿ ಓಕ್ ಕಾಯಿ ಹೊತ್ಕೊಂಡು ಹೋಗಿ ಮಣ್ಣಲ್ಲಿ ಹೂತು ಬಚ್ಚಿಡುತ್ತೆ, ಅದರಿಂದ ಹೊಸ ಓಕ್ ಹುಟ್ಟೋದೂ ಉಂಟು. ಪಾರಿವಾಳದ್ದು ಆ ವ್ಯವಹಾರ ಇಲ್ಲ, ನುಂಗಿದ್ದು ಪುಡಿ ಪುಡಿ, ಮರಕ್ಕೆ ಇದರಿಂದ ಐದು ಪೈಸೆ ಲಾಭ ಇಲ್ಲ.

ಉತ್ತರ ಯುರೋಪಿನ ವುಡ್ ಪಿಜನ್‌ಗಳು ಈ ಓಕ್ ಕಾಯಿ ನಂಬ್ಕೊಂಡೇ ದೊಡ್ಡ ಪ್ರಯಾಣ ಮಾಡ್ತವೆ. ಅಕ್ಟೋಬರಲ್ಲಿ ಲಕ್ಷಗಟ್ಟಲೆ ಫ್ರಾನ್ಸ್ ದಾಟಿ, ಪಿರನೀಸ್ ಬೆಟ್ಟ ದಾಟಿ, ಸ್ಪೇನಿನ ಎಸ್ತ್ರೆಮದೂರಾ, ಪೋರ್ಚುಗಲ್‌ನ ಅಲೆಂತೇಜು ಕಡೆ ಹೋಗಿ ಅಲ್ಲಿನ ಹೋಮ್ ಓಕ್, ಕಾರ್ಕ್ ಓಕ್ ತೋಪುಗಳಲ್ಲಿ ಚಳಿಗಾಲ ಕಳೀತವೆ. ದಾರೀಲಿ ಗ್ಯಾಸ್ಕನಿಯ ಬೇಟೆಗಾರರು ಮರಗಳ ಮೇಲೆ ಅಟ್ಟಣಿಗೆ ಕಟ್ಕೊಂಡು ಇವಕ್ಕೆ ಕಾಯ್ತಾ ಕೂತಿರ್ತಾರೆ, ಅಲ್ಲಿ ಅದೊಂದು ಹಬ್ಬ. ನಮ್ಮ ಇಂಗ್ಲೆಂಡಿನವು ಹೆಚ್ಚಿನವು ಎಲ್ಲೂ ಹೋಗಲ್ಲ, ಇದ್ದಲ್ಲೇ ಇದ್ದು ಹುಡುಕ್ಕೊಂಡು ತಿನ್ನೋ ಜಾತಿ.

ಕಾಯಿ ಕಡಿಮೆಯಾಗ್ತಾ ಬಂದ ಹಾಗೆ ಬೇಲಿ ಕಡೆ ತಿರುಗ್ತವೆ. ಹಾಥಾರ್ನಿನ ಕೆಂಪು ಹಣ್ಣು, ಹಾಲಿ ಹಣ್ಣು, ಆಮೇಲೆ ಐವಿ. ಐವಿ ಬಗ್ಗೆ ಇಲ್ಲಿ ಎರಡು ಪಕ್ಷ, ಮರ ಕೊಲ್ಲುತ್ತೆ ಅಂತ ಕಿತ್ತು ಹಾಕೋರು, ಬಿಡೋರು. ನಾನು ಬಿಡೋರ ಕಡೆ. ಬೇರೆಲ್ಲಾ ಗಿಡ ಹಣ್ಣು ಮುಗಿಸಿದ ಮೇಲೆ ಇದು ಶುರು ಮಾಡೋದು, ಶರತ್ಕಾಲದಲ್ಲಿ ಹೂ ಬಿಟ್ಟು ಡಿಸೆಂಬರಿಂದ ಮುಂದೆ ಹಣ್ಣು ಕಪ್ಪಾಗುತ್ತೆ. ವುಡ್ ಪಿಜನ್‌ಗೆ ಪೂರ್ತಿ ಕಪ್ಪಾಗೋ ತನಕ ತಾಳ್ಮೆ ಇರಲ್ಲ, ಅರೆಹಸಿರಲ್ಲೇ ಕೈ ಹಾಕುತ್ತೆ. ರಾತ್ರಿ ಮಲಗೋ ಮರದಲ್ಲೇ ಊಟನೂ ಇದ್ರೆ ಇನ್ನೇನು ಬೇಕು ಹೇಳಿ, ಮಳೆ ಗಾಳಿ ಜೋರಿದ್ದ ದಿನ ಹೊಲಕ್ಕೇ ಹೋಗದೆ ಅಲ್ಲೇ ಕೂತು ದಿನ ಕಳೆದಿದ್ದೂ ಇದೆ.

ಇದೆಲ್ಲಾ ಆದ ಮೇಲೆ ಉಳಿಯೋದು ಎಲೆ. ಇದೇ ಈ ಹಕ್ಕಿಯ ವರ್ಷದ ಕಷ್ಟದ ತಿರುವು, ಇದನ್ನೇ ಜನ ಗಮನಿಸಲ್ಲ. ಕಾಳಲ್ಲಿ, ಓಕ್ ಕಾಯೀಲಿ ಶಕ್ತಿ ತುಂಬಿರುತ್ತೆ, ಒಂದೆರಡು ಗಂಟೆ ಆರಿಸಿದ್ರೆ ಸಾಕು, ಮಿಕ್ಕ ಹೊತ್ತು ಮರದ ಮೇಲೆ ಕೂತು ಬಿಸಿಲು ಕಾಯಿಸಬಹುದು. ಎಲೇಲಿ ಬಹುಪಾಲು ನೀರು, ಅದರಿಂದ ಹೊಟ್ಟೆ ತುಂಬಬೇಕಂದ್ರೆ ಬೆಳಕಿರೋ ಅಷ್ಟೂ ಹೊತ್ತು ಕುಕ್ತಾನೇ ಇರ್ಬೇಕು, ಮತ್ತೆ ಇಲ್ಲಿ ಡಿಸೆಂಬರ್ ಮೂರನೇ ವಾರ ಬೆಳಕು ಇರೋದೇ ಎಂಟು ಗಂಟೆಗೂ ಕಡಿಮೆ, ಮಧ್ಯಾಹ್ನ ನಾಲ್ಕಕ್ಕೆ ಮುಂಚೆ ಸೂರ್ಯ ಮುಳುಗಿರ್ತಾನೆ. ಡಿಸೆಂಬರಿನ ಚೀಲ ಬಿಡಿಸಿದ್ರೆ ಹರಿದ ಹಸಿರೆಲೆ ಚೂರು, ಒದ್ದೆ ಒದ್ದೆ, ಅಮುಕಿ ತುಂಬಿದ್ದು, ದೊಡ್ಡ ನಿಂಬೆಹಣ್ಣಿಗಿಂತ ಗಾತ್ರ. ಹೊಲದಲ್ಲಿ ನೋಡಿದಾಗಲೂ ವ್ಯತ್ಯಾಸ ತಿಳಿಯುತ್ತೆ, ಕೂಳೆಯಲ್ಲಿ ನಡೆದಾಡಿ ಹುಡುಕಿ ಒಂದೊಂದು ಕುಕ್ಕೋ ಹಕ್ಕಿ, ಎಲೆ ಹೊಲದಲ್ಲಿ ತಲೆ ಎತ್ತದೆ ಹರಿದು ಹರಿದು ನುಂಗ್ತಾ ಇರುತ್ತೆ.

ಹಿಂದೆ ಈ ಎಲೆ ಅಂದ್ರೆ ಕ್ಲೋವರ್, ದನದ ಮೇವಿಗೆ ಬೆಳೆಯೋ ಮೂರೆಲೆಯ ಗಿಡ. ಕೃಷಿ ಸಚಿವಾಲಯದ ವಿಜ್ಞಾನಿ ಆರ್. ಕೆ. ಮರ್ಟನ್ ಅಂತ, 1950, 60ರ ದಶಕದಲ್ಲಿ ಇದೇ ಕೇಂಬ್ರಿಡ್ಜ್‌ಶೈರಿನ ಕಾರ್ಲ್‌ಟನ್ ಅನ್ನೋ ಹಳ್ಳಿ ಸುತ್ತ ವರ್ಷಗಟ್ಟಲೆ ವುಡ್ ಪಿಜನ್ ಅಧ್ಯಯನ ಮಾಡಿದೋರು. ಕೂಳೆ ಕಾಳು ಮುಗಿದ ಮೇಲೆ ಇವು ಕ್ಲೋವರ್ ಹೊಲಕ್ಕೆ ಬರೋದು, ಚಳಿಗಾಲ ಎಷ್ಟು ಹಕ್ಕಿ ದಾಟುತ್ತೆ ಅನ್ನೋದು ಆ ಎಲೆ ಎಷ್ಟಿದೆ ಅನ್ನೋದರ ಮೇಲೆ ನಿಲ್ಲೋದು, ಚಳಿಗಾಲದಲ್ಲಿ ಎಷ್ಟೇ ಗುಂಡು ಹೊಡೆದ್ರೂ ಒಟ್ಟು ಸಂಖ್ಯೆ ಕಮ್ಮಿ ಆಗದಿರೋದು, ಯಾಕಂದ್ರೆ ಸತ್ತವುಗಳ ಪಾಲಿನ ಮೇವು ಉಳಿದವಕ್ಕೆ ಸಿಗುತ್ತೆ, ಇದೆಲ್ಲಾ ಅವರು ಲೆಕ್ಕ ಹಾಕಿ ತೋರಿಸಿದ್ದು. ನಮ್ಮ ರೈತನಿಗೆ ಇದನ್ನ ಹೇಳಿದ್ರೆ ಒಪ್ಪಲ್ಲ, ನನ್ನ ಹೊಲದ ಮೇಲೆ ಹೊಡೆದ್ರೆ ಪಕ್ಕದ ಹೊಲಕ್ಕೆ ಹೋಗ್ತವೆ ಅಷ್ಟು ಸಾಕು ನಂಗೆ ಅಂತಾನೆ. ಅವನ ಲೆಕ್ಕದಲ್ಲಿ ಅದೂ ಸರಿನೇ ಬಿಡಿ.

ಆಮೇಲೆ ಕ್ಲೋವರ್ ಹಾಕೋರು ಕಡಿಮೆಯಾದ್ರು, 1970, 80ರ ದಶಕದಲ್ಲಿ ರೇಪ್‌ಸೀಡ್ ಬಂತು, ಕೆನೋಲಾ ಎಣ್ಣೆ ತೆಗೆಯೋ ಬೆಳೆ, ನಮ್ಮ ಸಾಸಿವೆಯ ದಾಯಾದಿ. ಆಗಸ್ಟಲ್ಲಿ ಬಿತ್ತಿ, ಚಳಿಗಾಲ ಪೂರ್ತಿ ಹಸಿರೆಲೆ ಹೊತ್ಕೊಂಡು ನಿಂತಿರುತ್ತೆ. ಹಸಿದ ಪಾರಿವಾಳಕ್ಕೆ ನೂರಾರು ಎಕರೆ ಸೊಪ್ಪಿನ ಹೊಲ ಬಡಿಸಿಟ್ಟ ಹಾಗಾಯ್ತು, ಸಂಖ್ಯೆ ಏರ್ತಾ ಹೋಯ್ತು. ಈಗ 2013ರಲ್ಲಿ ನಿಯೊನಿಕ್ ಅನ್ನೋ ಕೀಟನಾಶಕದ ಬೀಜೋಪಚಾರ ನಿಷೇಧ ಆದ ಮೇಲೆ ಫ್ಲೀ ಬೀಟಲ್ ಹುಳದ ಕಾಟಕ್ಕೆ ಬಹಳ ರೈತರು ರೇಪ್‌ಸೀಡ್ ಕೈಬಿಟ್ಟಿದ್ದಾರೆ, ನಮ್ಮ ಸುತ್ತ ಉಳಿದಿರೋ ಒಂದೆರಡು ಹೊಲಕ್ಕೆ ಸುತ್ತಲಿನ ಹಕ್ಕಿಯೆಲ್ಲಾ ಬಂದು ಬೀಳುತ್ತೆ.

ರೇಪ್‌ಸೀಡ್ ಹೊಲದಲ್ಲೂ ಎಲ್ಲೆಂದ್ರಲ್ಲಿ ಇಳಿಯಲ್ಲ. ಬೆಳೆ ಸೊರಗಿ, ನಡುನಡುವೆ ಮಣ್ಣು ಕಾಣೋ ಜಾಗ ನೋಡಿ ಇಳೀತವೆ, ದಟ್ಟವಾಗಿ ಬೆಳೆದ ಕಡೆ ಹಕ್ಕಿಗೆ ನರಿಯೋ ಗಿಡುಗವೋ ಬಂದ್ರೆ ಕಾಣಲ್ಲ. ಎಲೆಯ ಮೆತ್ತನೆ ಭಾಗ ಹರಿದು ತಿಂದು ನಡು ದಂಟು ಹಾಗೇ ಬಿಟ್ಟಿರ್ತವೆ, ಸುಳಿ ಕಿತ್ತರೆ ಮಾತ್ರ ಗಿಡ ಹಿಂದೆ ಬೀಳೋದು. ಹಕ್ಕಿ ಓಡಿಸೋಕೆ ಇಟ್ಟ ಗ್ಯಾಸ್ ಗನ್ ಢಂ ಅಂದ್ರೆ ಮೊದಮೊದಲು ಏಳ್ತವೆ, ವಾರ ಕಳೆದ್ರೆ ಅದು ಸ್ಫೋಟ ಆಗೋ ಟೈಮಿಂಗ್ ಹಕ್ಕಿಗಳಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತೆ.

ನನ್ನ ನೋಟ್ಸಲ್ಲಿ ವರ್ಷ ವರ್ಷ ಪಕ್ಕಪಕ್ಕ ಇಟ್ಟು ನೋಡಿದಾಗ ಹೊಲಕ್ಕಿಳಿಯೋ ದಿನ ಚಳಿಗಿಂತ ಹೆಚ್ಚಾಗಿ ಓಕ್, ಬೀಚ್ ಜೊತೆ ಹೊಂದ್ತಿತ್ತು. ಕಾಯಿ ಸುರಿದ ವರ್ಷ ಫ್ರಾಸ್ಟ್ ಬಿದ್ರೂ ಕಾಡಲ್ಲೇ, ರೇಪ್‌ಸೀಡ್ ಹೊಲ ಕ್ರಿಸ್‌ಮಸ್ ತನಕ ಆರಾಮ. ಕಾಯಿ ಕೈಕೊಟ್ಟ ವರ್ಷ ಅಕ್ಟೋಬರ್ ಬೆಚ್ಚಗಿದ್ರೂ ಹೊಲಕ್ಕೆ ಹಾಜರ್. ಅಲಾಟ್‌ಮೆಂಟಿನ ಮೂರೂ ಹಿರಿಯರು ಹೇಳ್ತಿದ್ದಿದ್ದು ನಿಜವೇ, ಬೇರೆ ಬೇರೆ ವರ್ಷದ ನೆನಪು ಅಷ್ಟೇ. ಹಿಮ ಬಿದ್ದಾಗ ಮಾತ್ರ ಈ ಲೆಕ್ಕ ಎಲ್ಲಾ ತಲೆಕೆಳಗು, ನೆಲದ ಮಟ್ಟದ ಕ್ಲೋವರ್ ಮುಚ್ಚಿಹೋಗುತ್ತೆ, ಹಿಮದಿಂದ ಮೇಲೆ ತಲೆ ಎತ್ತಿರೋದು ಕೇಲ್, ಬ್ರಸಲ್ಸ್ ಸ್ಪ್ರೌಟ್ಸ್, ಕೋಸು. ಆಗ ಮನುಷ್ಯರ ಭಯನೂ ಬಿಟ್ಟು ಹಿತ್ತಲಿಗೇ ಬರ್ತವೆ.

ಹಿತ್ತಲು ಅಂದಾಗ ಅಮ್ಮನ ವಿಷಯ ಹೇಳ್ಬೇಕು. ಊರಿಂದ ಬಂದಿದ್ದಾಗ ದಿನಾ ಬೆಳಗ್ಗೆ ಹಿತ್ತಲ ಕಲ್ಲುಹಾಸಿನ (ಪ್ಯಾಟಿಯೋ) ಮೇಲೆ ಒಂದು ಹಿಡಿ ಅಕ್ಕಿ ಹಾಕೋರು. "ನಮ್ಮ ಬೆಳವ ಇದರಲ್ಲಿ ಅರ್ಧನೂ ಇಲ್ವಲ್ಲೋ, ಇವಕ್ಕೆ ಒಂದು ಹಿಡಿ ಎಲ್ಲಿ ಸಾಲುತ್ತೆ" ಅಂತ ಎರಡು ಹಿಡಿ ಮಾಡಿದ್ರು. ಅಮ್ಮ, ಜಾಸ್ತಿ ಹಾಕ್ಬೇಡಿ ಅಂತ ನಾನು ಹೇಳ್ತಿದ್ದಿದ್ದಕ್ಕೆ ಕಾರಣ ಜಿಪುಣತನ ಅಲ್ಲ. ಪಾರಿವಾಳಗಳ ಗಂಟಲಲ್ಲಿ ಟ್ರೈಕೊಮೊನಾಸ್ ಅನ್ನೋ ಪರೋಪಜೀವಿ ಇರುತ್ತೆ, ಒಂದೇ ಜಾಗದಲ್ಲಿ ಗುಂಪುಗೂಡಿ ತಿಂದಾಗ, ನೀರು ಕುಡಿದಾಗ ಬೇರೆ ಹಕ್ಕಿಗಳಿಗೆ ಹರಡುತ್ತೆ, 2005ರಿಂದ ಈಚೆ ಬ್ರಿಟನ್ನಿನ ಗ್ರೀನ್‌ಫಿಂಚ್ ಹಕ್ಕಿಗಳು ಇದೇ ಕಾಯಿಲೆಯಿಂದ ಲೆಕ್ಕ ಇಲ್ಲದಷ್ಟು ಸತ್ತಿವೆ. ಹಾಕೋದಿದ್ರೆ ಅವತ್ತೇ ಖಾಲಿಯಾಗೋ ಅಷ್ಟು ಹಾಕಿ, ಜಾಗ ಬದಲಾಯಿಸ್ತಾ ಇರಿ, ನೀರಿನ ತಟ್ಟೆ ದಿನಾ ತೊಳೀರಿ. ಬ್ರೆಡ್ ಬೇಡ. ಈ ಹಕ್ಕಿಗೆ ನಮ್ಮ ಕೈಯೂಟ ಬೇಕೇ ಬೇಕು ಅಂತೇನಿಲ್ಲ.

ಕೋಸು ಹಾಕಿರೋರಿಗೆ ನಾನು ಮಾಡೋದು ಹೇಳ್ತೀನಿ. ಸೆಪ್ಟೆಂಬರ್ ಕೊನೇ ವಾರ ಹತ್ತಿರದ ಓಕ್ ಮರಗಳನ್ನ ತಲೆ ಎತ್ತಿ ನೋಡ್ಕೊಂಡು ಬರ್ತೀನಿ, ಒಂದೇ ಮರ ನೋಡಿ ತೀರ್ಮಾನ ಮಾಡಲ್ಲ, ಯಾಕಂದ್ರೆ ಮರದಿಂದ ಮರಕ್ಕೆ ವ್ಯತ್ಯಾಸ ಇರುತ್ತೆ. ಕಾಯಿ ಕಡಿಮೆ ಅನ್ನಿಸಿದ್ರೆ ಅಕ್ಟೋಬರ್ ಮೊದಲ ವಾರಕ್ಕೇ ಬಲೆ, ಚೆನ್ನಾಗಿದ್ರೆ ನವೆಂಬರ್ ಕೊನೆ ತನಕ ಬಲೆ ಇಲ್ಲದೆ ಕಳೆ ಕೀಳೋದು ಸುಲಭ, ಹಿಮದ ಸೂಚನೆ ಬಂದ್ರೆ ಮಾತ್ರ ಅವತ್ತೇ ಹಾಕ್ತೀನಿ. ಬಲೆ ಗಿಡದ ಮೇಲೆ ಹೊದಿಸಿದ್ರೆ ಪ್ರಯೋಜನ ಇಲ್ಲ, ಅದರ ಮೇಲೇ ಕೂತು ಭಾರಕ್ಕೆ ಬಗ್ಗಿಸಿ ಬಲೆಯ ತೂತುಗಳ ಮೂಲಕವೇ ಕುಕ್ತವೆ. ಮರದ ಚೌಕಟ್ಟಿಗೆ ಬಿಗಿಯಾಗಿ ಎಳೆದು ಕಟ್ಟಿ, ಗಿಡದಿಂದ ಒಂದು ಗೇಣು ಮೇಲಿರಲಿ, ಕೆಳಗಿನ ಅಂಚು ಇಟ್ಟಿಗೆ ಇಟ್ಟು ಭದ್ರ ಮಾಡಿ, ಸಡಿಲ ಇದ್ರೆ ಸಣ್ಣ ಹಕ್ಕಿ, ಹೆಜ್‌ಹಾಗ್ ಎಲ್ಲಾ ಸಿಕ್ಕಿಹಾಕ್ಕೊಳ್ತವೆ. ನವಿಲುಕೋಸಿನ ಗಡ್ಡೆಗೆ ಇವು ಅಷ್ಟಾಗಿ ಬರಲ್ಲ, ಎಲೆ ಪೂರ್ತಿ ಬೋಳಿಸ್ತವೆ, ಎಲೆ ಹೋದ್ರೆ ಗಡ್ಡೆ ದಪ್ಪ ಆಗಲ್ಲ, ಹಾಗಾಗಿ ಬಲೆ ಒಂದೇ ಮಡಿಗೆ ಸಾಕಾಗೋ ಅಷ್ಟಿದ್ರೆ ಅದನ್ನ ನವಿಲುಕೋಸಿನ ಎಳೇ ಸಸಿಗಳಿಗೇ ಮೊದಲು ಹಾಕಿ, ದೊಡ್ಡದಾಗಿ ನಿಂತಿರೋ ಕೇಲ್ ನಾಲ್ಕೆಲೆ ಕಳ್ಕೊಂಡ್ರೂ ಫೆಬ್ರವರಿಗೆ ಮತ್ತೆ ಚಿಗುರುತ್ತೆ.